ಮನೆಗೆ ವೇಗದ ಬ್ರಾಡ್‌ಬ್ಯಾಂಡ್: ಹಣ ಕಟ್ಟುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಾಫಿಯ ಅಂದಿನ ಧಾರಣೆ ತಿಳಿಯುವುದಕ್ಕೆ, ಪಹಣಿ ಪಡೆಯುವುದಕ್ಕೆ, ಅಡಿಕೆಯ ಲಾಟಿಗೆ ಟೆಂಡರಿನಲ್ಲಿ ಬಂದ ಬೆಲೆ ನೋಡುವುದಕ್ಕೆ, ಬ್ಯಾಂಕಿನ ವ್ಯವಹಾರಕ್ಕೆ ಮತ್ತು ಮಕ್ಕಳ ಓದಿಗೆ ಇಂದು ಇಂಟರ್‌ನೆಟ್ ಬೇಕೇ ಬೇಕಾಗಿದೆ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ. ಇದರ ಜೊತೆಗೆ ಕಾಡು ಕಡಿದ ನೆಲದ ಕಾಫಿಯನ್ನು ಕೊಳ್ಳಬಾರದೆಂಬ ಕಾನೂನನ್ನು ಯುರೋಪ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದೆ. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ, ಅಲ್ಲಿಗೆ ಹೋಗುವ ಕಾಫಿ ಯಾವ ತೋಟದ್ದೆಂದು ನಕ್ಷೆಯಲ್ಲಿ ಗುರುತಿಸಬೇಕಾಗುತ್ತದೆ. ಇದಕ್ಕಾಗಿ ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ನಡೆಸಿದೆ. ಹೀಗಾಗಿ ಸಂಪರ್ಕವಿಲ್ಲದ ಸಣ್ಣ ಬೆಳೆಗಾರ ಇಂಥ ಪ್ರತಿ ಕೆಲಸಕ್ಕೂ ಪೇಟೆಗೆ ಅಲೆಯಬೇಕಾಗುತ್ತದೆ.

ಆದ್ದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನಮ್ಮ ಸದಸ್ಯರು ಮನೆಗೆ ಎಲ್ಲಕ್ಕಿಂತ ವೇಗದ ಸಂಪರ್ಕವನ್ನು ಹೇಗೆ ಆರಿಸಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸುತ್ತೇವೆ. ಮೊದಲೇ ಒಂದು ಮಾತು ಹೇಳುವುದು ಒಳ್ಳೆಯದು. ನಾಲ್ಕೂ ತಾಲ್ಲೂಕಿಗೆ ಒಂದೇ ಉತ್ತರವಿಲ್ಲ. ಚನ್ನರಾಯಪಟ್ಟಣದ ಪೇಟೆ ಬೀದಿಯ ಮನೆಗೆ ಒಪ್ಪುವುದು ಮಲ್ಲಿಪಟ್ಟಣ ಹೋಬಳಿಯ ತೋಟದ ಮನೆಗೆ ಒಪ್ಪದು. ಜಾಹೀರಾತಿನಲ್ಲಿ ಅಚ್ಚಾದ ಅಂಕಿಗಿಂತ ನಿಮ್ಮ ಮನೆ ಬಾಗಿಲಿನಲ್ಲಿ ಅಳೆದಾಗ ಸಿಗುವ ಅಂಕಿಯೇ ಮುಖ್ಯ.

ವೇಗವೆಂದರೆ ಏನು?

ಬೋರ್‌ವೆಲ್ ಎಷ್ಟು ಇಂಚು ನೀರು ಕೊಡುತ್ತದೆಂದು ಕೇಳುವಂತೆ, ಇಂಟರ್‌ನೆಟ್ಟಿನ ವೇಗವನ್ನು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು ಕೇಳುತ್ತಾರೆ. ಇದೇ ಎಂಬಿಪಿಎಸ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದುದರಿಂದ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ. ಒಂದು ಗಿಗಾಬೈಟ್‌ನ ಕಡತವನ್ನು ಇಳಿಸಿಕೊಳ್ಳಲು 10 ಎಂಬಿಪಿಎಸ್‌ನಲ್ಲಿ 13 ನಿಮಿಷಕ್ಕೂ ಹೆಚ್ಚು ಬೇಕು. 100 ಎಂಬಿಪಿಎಸ್‌ನಲ್ಲಿ ಒಂದೂಕಾಲು ನಿಮಿಷದಷ್ಟು ಸಾಕು.

ಇಳಿಸಿಕೊಳ್ಳುವ ವೇಗ ಒಂದು, ಕಳುಹಿಸುವ ವೇಗ ಇನ್ನೊಂದು. ತೋಟದ ಚಿತ್ರ, ದಾಖಲೆ ಪತ್ರ ಕಳುಹಿಸುವವರು ಎರಡನ್ನೂ ಕೇಳಿಕೊಳ್ಳಬೇಕು. ಮೂರನೆಯದು ವಿಳಂಬ. ತೂಬು ಎತ್ತಿದ ಮೇಲೆ ನೀರು ಗದ್ದೆ ಮುಟ್ಟಲು ಹಿಡಿಯುವ ಹೊತ್ತಿನಂತೆ ಇದೂ ಇರುತ್ತದೆ. ವಿಳಂಬ ಹೆಚ್ಚಿದ್ದರೆ ವಿಡಿಯೋ ಕರೆಯಲ್ಲಿ ಮಾತು ತಡೆದು ತಡೆದು ಬರುತ್ತದೆ.

ಬ್ರಾಡ್‌ಬ್ಯಾಂಡ್ ಎಂಬ ಹೆಸರಿದ್ದ ಮಾತ್ರಕ್ಕೆ ವೇಗವಿದೆಯೆಂದು ತಿಳಿಯಬಾರದು. 2004ರ ಸರ್ಕಾರಿ ನೀತಿಯಂತೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಇದು 512 ಕಿಲೋಬಿಟ್ ಆಯಿತು, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ನಾಲ್ಕೈದು ಜನರ ಸಂಸಾರಕ್ಕೆ ನಿಜವಾಗಿ ಸಿಗುವ 30ರಿಂದ 50 ಎಂಬಿಪಿಎಸ್ ಧಾರಾಳವಾಯಿತು. ಬಾರದ 300ಕ್ಕೆ ಹಣ ಕೊಡುವುದು ವ್ಯರ್ಥ.

ನಮ್ಮ ಭಾಗಕ್ಕೆ ಬರುವ ದಾರಿಗಳು

1. ತಾಮ್ರದ ತಂತಿ. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಟೆಲಿಫೋನ್ ತಂತಿಯ ಮೂಲಕವೇ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಎಕ್ಸ್‌ಚೇಂಜಿನ ಪಕ್ಕದಲ್ಲಿ ಇದರ ವೇಗ ಹೆಚ್ಚೆಂದರೆ 24 ಎಂಬಿಪಿಎಸ್. ದೂರ ಹೋದಷ್ಟೂ ವೇಗ ಬೀಳುತ್ತದೆ, ನಾಲ್ಕೈದು ಕಿಲೋಮೀಟರ್ ಆಚೆ ಏನೂ ಉಳಿಯುವುದಿಲ್ಲ. ಬೇರೆ ದಾರಿ ಇರುವಾಗ ಇದನ್ನು ಆರಿಸುವ ಕಾರಣವಿಲ್ಲ.

2. ಫೈಬರ್. ಇದು ಕೂದಲೆಳೆಯಂಥ ಗಾಜಿನ ಎಳೆ, ಇದರೊಳಗೆ ಬೆಳಕು ಹರಿಯುತ್ತದೆ. ಕೇಂದ್ರದಿಂದ ಸುಮಾರು 20 ಕಿಲೋಮೀಟರ್‌ವರೆಗೂ ವೇಗ ಕುಂದುವುದಿಲ್ಲ. ಸಾಮಾನ್ಯವಾಗಿ ಬಳಸುವ ಪದ್ಧತಿಯಲ್ಲಿ ಒಂದು ಎಳೆಯಲ್ಲಿ ಸುಮಾರು 2,500 ಎಂಬಿಪಿಎಸ್ ಬರುತ್ತದೆ. ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಮನೆಗೆ ಫೈಬರ್ ಬರುವುದಾದರೆ ಬೇರೆ ಯೋಚನೆ ಬೇಡ. ವೇಗಕ್ಕೂ ಭರವಸೆಗೂ ಇದಕ್ಕೆ ಸಮನಾದುದಿಲ್ಲ.

3. ಗಾಳಿಯ ಮೂಲಕ ಮನೆಗೆ. ಮಾಳಿಗೆಯ ಮೇಲೆ ಅಥವಾ ಕಂಬದ ಮೇಲೆ ಒಂದು ಪೆಟ್ಟಿಗೆ ಕೂರಿಸಿ, ಮೊಬೈಲ್ ಗೋಪುರದಿಂದ ಸಿಗ್ನಲ್ ಹಿಡಿದು ಮನೆಯೊಳಗೆ ಕೊಡುತ್ತಾರೆ. 5ಜಿ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಏರ್‌ಟೆಲ್ ಮತ್ತು ಜಿಯೋ ಕಂಪನಿಗಳು 2023ರಲ್ಲಿ ಏರ್‌ಫೈಬರ್ ಹೆಸರಿನಲ್ಲಿ ಈ ಸೇವೆ ತಂದವು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ರೇಡಿಯೋ ಅಲೆಯೇ ಎಂಬುದು ನೆನಪಿರಲಿ.

4. ಮೊಬೈಲ್ ಸಿಮ್. ಒಂದು ಸಣ್ಣ ರೂಟರ್‌ಗೆ ಸಿಮ್ ಹಾಕಿ ಮನೆಮಂದಿಯೆಲ್ಲ ಬಳಸಬಹುದು. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರಿನಲ್ಲಿ ದೇಶಕ್ಕೆ ಅರ್ಪಿಸಿದೆ. ಬೇರೆ ಕಂಪನಿಯ ಗೋಪುರವಿಲ್ಲದ ಊರಿನವರು ಇದನ್ನೂ ವಿಚಾರಿಸಬೇಕು.

5. ಉಪಗ್ರಹ. 1982ರಲ್ಲಿ ಸ್ಥಾಪನೆಯಾದ ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಷ್ಟು ದೂರ ಹೋಗಿ ಬರುವುದರಿಂದ ಅಂಥ ಸಂಪರ್ಕದಲ್ಲಿ ಅರ್ಧ ಸೆಕೆಂಡಿನಷ್ಟು ವಿಳಂಬ ತಪ್ಪದು. ಸುಮಾರು 550 ಕಿಲೋಮೀಟರ್ ಎತ್ತರದ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಈ ದೋಷ ಬಹಳ ಕಡಿಮೆ. ಆ ಕಂಪನಿಗೆ ಕೇಂದ್ರ ಸರ್ಕಾರದ ಪರವಾನಗಿ ದೊರೆತದ್ದು 2025ರ ಜೂನ್‌ನಲ್ಲಿ. ಏಜೆಂಟನೆಂದು ಹೇಳಿಕೊಂಡು ಮುಂಗಡ ಕೇಳುವವರಿಗೆ ಯಾರೂ ಹಣ ಕೊಡಬಾರದು.

ನಿಮ್ಮ ಊರಿನಲ್ಲಿ ಏನಿದೆ?

ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಎಂಬ ಜಾಲತಾಣ ಆರಂಭಿಸಿತು. ತಂತಿ ಅಥವಾ ಫೈಬರ್ ಮೂಲಕ ಇಂಟರ್‌ನೆಟ್ ಕೊಡುವವರು ಯಾರು ಯಾರೆಂದು ತಿಳಿಯುವ ವಿಭಾಗ ಅದರಲ್ಲಿದೆ. ಪಿನ್ ಕೋಡ್ ಹಾಕಿದರೆ ಪಟ್ಟಿ ಬರುತ್ತದೆ. ಹಾಸನ ಪಟ್ಟಣಕ್ಕೆ 573201, ಹೊಳೆನರಸೀಪುರಕ್ಕೆ 573211, ಅರಕಲಗೂಡಿಗೆ 573102, ಚನ್ನರಾಯಪಟ್ಟಣಕ್ಕೆ 573116. ಹಳ್ಳಿಯವರು ತಮ್ಮ ಅಂಚೆಯ ಪಿನ್ ಕೋಡನ್ನೇ ಹಾಕಬೇಕು. ಆದರೆ ಈ ಪಟ್ಟಿ ಇಡೀ ಪಿನ್ ಕೋಡಿಗೆ ಸೇರಿದ್ದು. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ನಿಮ್ಮ ಮನೆಯವರೆಗೆ ಎಳೆ ಬಂದಿದೆಯೆಂದಲ್ಲ. ಪಟ್ಟಿಯಲ್ಲಿರುವವರನ್ನು ಒಬ್ಬೊಬ್ಬರಾಗಿ ವಿಚಾರಿಸಬೇಕು.

ಎರಡನೆಯದಾಗಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕೇಳಿ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಈಗ ಅದರ ಹೆಸರು ಭಾರತ್‌ನೆಟ್. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಮಂಜೂರಾಗಿದ್ದು, ಹಳ್ಳಿಯ ಮನೆಗಳಿಗೆ ಸಂಪರ್ಕ ಕೊಡುವುದೂ ಅದರಲ್ಲಿ ಸೇರಿದೆ. ಪಂಚಾಯಿತಿ ಕಟ್ಟಡಕ್ಕೆ ಎಳೆ ಬಂದಿದೆಯೇ, ಅದು ನಡೆಯುತ್ತಿದೆಯೇ, ಅಲ್ಲಿಂದ ಮನೆಗಳಿಗೆ ಎಳೆಯುವ ಸ್ಥಳೀಯ ಪಾಲುದಾರರು ಯಾರು, ಈ ಮೂರು ಪ್ರಶ್ನೆ ಕೇಳಿದರೆ ಸಾಕು.

ಮೂರನೆಯದಾಗಿ ಊರಿನ ಕೇಬಲ್ ಟಿವಿಯವರನ್ನು ಕೇಳಿ. ಹೆದ್ದಾರಿ ಮತ್ತು ರೈಲುಮಾರ್ಗದ ಪಕ್ಕದಲ್ಲಿ ದೊಡ್ಡ ಫೈಬರ್‌ಗಳು ಹೋಗುತ್ತವೆ. ರೈಲ್‌ಟೆಲ್‌ನ ರೈಲ್‌ವೈರ್ ಮುಂತಾದ ಸೇವೆಗಳನ್ನು ಮನೆಗೆ ತಲುಪಿಸುವವರು ಇಂಥ ಸ್ಥಳೀಯ ಕೇಬಲ್‌ನವರೇ. ಅವರ ಹಂಚುವ ಪೆಟ್ಟಿಗೆ ನಿಮ್ಮ ಮನೆಯಿಂದ ಎಷ್ಟು ಮೀಟರ್ ದೂರದಲ್ಲಿದೆಯೆಂದು ತಿಳಿದುಕೊಳ್ಳಿ. ಖರ್ಚು ನಿಂತಿರುವುದು ಆ ದೂರದ ಮೇಲೆ.

ಮೊಬೈಲ್ ಅಥವಾ ಏರ್‌ಫೈಬರ್ ನೋಡುವವರಿಗೆ ಬೇರೆ ಸೌಲಭ್ಯವಿದೆ. ಟ್ರಾಯ್ ಸಂಸ್ಥೆಯ 2024ರ ನಿಯಮದಂತೆ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿ ಇದೆಯೆಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ನಕ್ಷೆ ನೋಡಿದ ಮೇಲೂ ಅಳತೆ ತಪ್ಪಿಸಬಾರದು.

ಅಳೆಯುವ ಕ್ರಮ

ಹೇಮಾವತಿ ನಾಲೆಯ ತೂಬಿನ ಹತ್ತಿರದವನಿಗೆ ನೀರು ಸಿಕ್ಕರೂ ಕೊನೆಯ ಭಾಗದವನಿಗೆ ಎಲ್ಲರೂ ನೀರು ಕಟ್ಟುವ ದಿನ ಏನೂ ಸಿಗದಿರುವುದುಂಟು. ಹಂಚಿಕೆಯ ಇಂಟರ್‌ನೆಟ್ಟಿನ ಹಣೆಬರಹವೂ ಅದೇ. ಆದ್ದರಿಂದ ಹಣ ಕಟ್ಟುವ ಮುನ್ನ ಅದೇ ಸೇವೆ ಪಡೆದಿರುವ ನೆರೆಮನೆಗೆ ಹೋಗಿ ಅಳೆಯಿರಿ. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಿಂದ ಪುಕ್ಕಟೆಯಾಗಿ ಅಳೆಯಬಹುದು.

ಬೆಳಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಎಂಟರಿಂದ ಹತ್ತರೊಳಗೆ ಒಮ್ಮೆ, ಹೀಗೆ ಮೂರು ದಿನ ಅಳೆದು ಚೀಟಿಯಲ್ಲಿ ಬರೆದಿಡಿ. ರಾತ್ರಿಯ ಅಂಕಿಯನ್ನೇ ನಿಜವಾದ ವೇಗವೆಂದು ಹಿಡಿಯಿರಿ. ರೂಟರ್ ಪಕ್ಕದಲ್ಲೇ ಕುಳಿತು ಅಳೆಯಬೇಕು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ವೈಫೈ ಅಲೆಯನ್ನು ನುಂಗುತ್ತದೆ. ಪಡಸಾಲೆಯಲ್ಲಿ 90 ಇದ್ದದ್ದು ಕಣದ ಹತ್ತಿರ 5 ಆದರೆ ಅದು ಕಂಪನಿಯ ತಪ್ಪಲ್ಲ. ರೂಟರನ್ನು ಮನೆಯ ನಡುಭಾಗದಲ್ಲಿ ಎತ್ತರಕ್ಕೆ ಇಡುವುದರಿಂದಲೇ ಎಷ್ಟೋ ಸುಧಾರಿಸುತ್ತದೆ.

ರೇಡಿಯೋ ಅಲೆ ಬಳಸುವವರು ಮರದ ನೆರಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 700 ಮೆಗಾಹರ್ಟ್ಸ್‌ನ ಅಲೆ ದೂರ ಹೋಗುತ್ತದೆ, ಎಲೆಗಳನ್ನು ದಾಟುತ್ತದೆ. 3,500 ಮೆಗಾಹರ್ಟ್ಸ್ ಆಸುಪಾಸಿನ 5ಜಿ ಅಲೆಗೆ ವೇಗ ಹೆಚ್ಚು, ಆದರೆ ಮರ ದಾಟುವ ಶಕ್ತಿ ಕಡಿಮೆ. ಒದ್ದೆ ಎಲೆ ಇನ್ನಷ್ಟು ತಡೆಯುತ್ತದೆ. ಮರಗಸಿ ಆದ ಹೊಸದರಲ್ಲಿ ಚೆನ್ನಾಗಿ ಬಂದ ಸಿಗ್ನಲ್, ಕೊಂಬೆ ಚಿಗುರಿ ದಟ್ಟವಾದ ಮೇಲೆ ಮಳೆಗಾಲದಲ್ಲಿ ಕುಗ್ಗಬಹುದು. ಆದ್ದರಿಂದ ಪೆಟ್ಟಿಗೆಯನ್ನು ಮರದ ತಲೆಗಿಂತ ಮೇಲಕ್ಕೆ, ಗೋಪುರದ ದಿಕ್ಕಿಗೆ ಕೂರಿಸಬೇಕು. ಸಾಧ್ಯವಾದರೆ ಮಳೆಗಾಲದಲ್ಲಿಯೂ ಒಮ್ಮೆ ಅಳೆದ ಮೇಲೆಯೇ ವರ್ಷದ ಹಣ ಕಟ್ಟಿ. ಅದುವರೆಗೆ ತಿಂಗಳ ಲೆಕ್ಕದಲ್ಲಿ ನಡೆಸಿ.

ಫೈಬರ್ ಹಾಕಿಸುವವರು ಲೈನ್‌ಮನ್‌ಗೆ ಮೀಟರಿನಲ್ಲಿ ಬೆಳಕಿನ ಮಟ್ಟ ತೋರಿಸಲು ಹೇಳಿ. ಮೀಟರಿನ ಅಂಕಿ ಮೈನಸ್ 15ರಿಂದ ಮೈನಸ್ 25ರೊಳಗೆ ಇದ್ದರೆ ಸರಿ. ಮೈನಸ್ 27 ದಾಟಿದರೆ ಸಂಪರ್ಕ ಆಗಾಗ್ಗೆ ಕಡಿಯುತ್ತದೆ, ಜೋಡಣೆಯನ್ನು ಮತ್ತೆ ಮಾಡಿಸಬೇಕು. ಗಾಜಿನ ಎಳೆಯನ್ನು ಗಂಟು ಹಾಕುವುದು, ಮಡಚಿ ಕಟ್ಟುವುದು ಕೂಡದು. ಅಡಿಕೆ ಮರಕ್ಕೆ ಬಿಗಿದರೆ ಸೋಗೆ ಬಿದ್ದೋ, ಗೊನೆ ಇಳಿಸುವಾಗಲೋ ಹರಿಯುತ್ತದೆ. ಕಂಬ ನೆಟ್ಟು ಬದುವಿನ ಮೇಲೆ ತರುವುದು ಅಥವಾ ಕೊಳವೆಯೊಳಗೆ ಹೂಳುವುದು ಲೇಸು. ಅನುಮತಿಯಿಲ್ಲದೆ ವಿದ್ಯುತ್ ಕಂಬಕ್ಕೆ ಕಟ್ಟಿದ ಎಳೆಯನ್ನು ಯಾವಾಗ ಬೇಕಾದರೂ ಕಿತ್ತು ಹಾಕಬಹುದು.

ಕರೆಂಟು ಹೋದರೆ ರೂಟರೂ ನಿಲ್ಲುತ್ತದೆ. ಹೆಚ್ಚಿನ ರೂಟರ್‌ಗಳು ನಡೆಯುವುದು 12 ವೋಲ್ಟಿನಲ್ಲಿ. ಅದಕ್ಕೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆ ಕೆಲವು ಗಂಟೆ ನಡೆಸಿಕೊಡುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡುವುದನ್ನು ಮರೆಯಬಾರದು.

ಹಣ ಕಟ್ಟುವ ಮುನ್ನ

ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ತಿಂಗಳಿಗೆ ಎಷ್ಟು ಗಿಗಾಬೈಟ್ ಮಿತಿ? ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಕಳುಹಿಸುವ ವೇಗ ಎಷ್ಟು? ಎಳೆ, ಕಂಬ, ರೂಟರ್ ಯಾರ ಖರ್ಚು? ಬಿಟ್ಟರೆ ಠೇವಣಿ ವಾಪಸ್ಸು ಉಂಟೇ? ಎಳೆ ಹರಿದರೆ ಬಂದು ಜೋಡಿಸುವವರು ಯಾರು, ಅವರು ಇರುವುದು ಎಲ್ಲಿ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಹತ್ತು ದಿನ ಕೆಟ್ಟು ನಿಲ್ಲುವ 200 ಎಂಬಿಪಿಎಸ್‌ಗಿಂತ ಮರುದಿನವೇ ಸರಿಯಾಗುವ 40 ಎಂಬಿಪಿಎಸ್ ವಾಸಿ.

ಕೆಟ್ಟರೆ ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ದೂರಿನ ಸಂಖ್ಯೆ ಪಡೆದುಕೊಳ್ಳಿ. ಪರಿಹಾರ ತೃಪ್ತಿಕರವಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು. ಟ್ರಾಯ್‌ನ 2012ರ ನಿಯಮದಂತೆ ಮೇಲ್ಮನವಿಯನ್ನು 39 ದಿನದೊಳಗೆ ತೀರ್ಮಾನಿಸಬೇಕು. ಅಳತೆಯ ಚೀಟಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಒಂಟಿ ಮನೆಗೆ ಎಳೆ ಬಾರದಿದ್ದರೆ

ಒಂದು ತೋಟದ ಮನೆಗಾಗಿ ಎರಡು ಕಿಲೋಮೀಟರ್ ಎಳೆ ಹಾಕಲು ಯಾರೂ ಒಪ್ಪಲಾರರು. ಅದೇ ದಾರಿಯ ಹತ್ತು ಹನ್ನೆರಡು ಮನೆಯವರು ಒಟ್ಟಾಗಿ ಕೇಳಿದರೆ ಖರ್ಚು ಹಂಚಿಹೋಗುತ್ತದೆ, ಸೇವೆ ಕೊಡುವವರಿಗೂ ಗಿಟ್ಟುತ್ತದೆ. ರಸ್ತೆಯ ಉದ್ದಕ್ಕೂ ಇರುವ ಮನೆಗಳು, ಅವುಗಳ ನಡುವಿನ ದೂರ, ಸಂಪರ್ಕ ಪಡೆಯಲು ಒಪ್ಪಿದವರ ಸಹಿ, ಇವನ್ನು ಒಂದು ಹಾಳೆಯಲ್ಲಿ ಬರೆದು ಬಿಎಸ್‌ಎನ್‌ಎಲ್ ಕಚೇರಿಗೂ ಸ್ಥಳೀಯ ಕೇಬಲ್‌ನವರಿಗೂ ಕೊಡಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಇರಲಿ. ಬದುವಿನ ಮೇಲೆ ಕಂಬ ನೆಡಲು ಅಕ್ಕಪಕ್ಕದವರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ಎಷ್ಟೋ ಕಡೆ ಕೆಲಸ ನಿಲ್ಲುವುದು ಇದರಿಂದಲೇ. ಒಬ್ಬೊಬ್ಬರಾಗಿ ಮಾರಿದರೆ ಸಿಗದ ಬೆಲೆಯನ್ನು ಒಟ್ಟಾಗಿ ಮಾರಿ ಪಡೆಯುವುದು ಸಹಕಾರಿಗಳಾದ ನಮಗೆ ಹೊಸ ಪಾಠವಲ್ಲ. ಎಳೆ ತರಿಸಿಕೊಳ್ಳುವ ಕೆಲಸಕ್ಕೂ ಸದಸ್ಯರು ಅದೇ ಪಾಠವನ್ನು ಅನ್ವಯಿಸಿ, ಈ ಬೇಸಿಗೆಯಲ್ಲಿಯೇ ತಮ್ಮ ತಮ್ಮ ದಾರಿಯ ಪಟ್ಟಿಯನ್ನು ತಯಾರಿಸಿಕೊಳ್ಳಬೇಕೆಂದು ಕೋರುತ್ತೇವೆ.