ಹಿಂಸೆ ಹೆಚ್ಚಿತೇ, ಹೇಳಿಕೊಳ್ಳುವುದು ಹೆಚ್ಚಿತೇ?

2015-16ರ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರ ಪೈಕಿ ಗಂಡನಿಂದ ಎಂದಾದರೂ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದವರು ಶೇ 20.6. ಐದನೇ ಸಮೀಕ್ಷೆಯಲ್ಲಿ ಅದು ಶೇ 44.4ಕ್ಕೆ ಏರಿತು. ಇದೇ ಅವಧಿಯಲ್ಲಿ ದೇಶದ ಸರಾಸರಿ 31.2ರಿಂದ 29.3ಕ್ಕೆ ಇಳಿದಿತ್ತು. ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಎಲ್ಲರಿಗಿಂತ ಮೇಲೆ ಹೋಗಿ ನಿಂತಿತು. ಲಾಕ್‌ಡೌನ್ ಕಾಲದ ಮನೆಯೊಳಗಿನ ಹಿಂಸೆ ಇದಕ್ಕೆ ಕಾರಣ ಅಂದುಕೊಳ್ಳುವುದು ಸುಲಭ. ಆದರೆ ನಮ್ಮ ರಾಜ್ಯದಲ್ಲಿ ಮನೆಮನೆ ಸಂದರ್ಶನಗಳು 2019ರ ಡಿಸೆಂಬರ್ ಹೊತ್ತಿಗೇ ಮುಗಿದಿದ್ದವು. ಆಗ ಕೊರೊನಾ ಹೆಸರನ್ನು ಇಲ್ಲಿ ಯಾರೂ ಕೇಳಿರಲಿಲ್ಲ. ಹಾಗಿದ್ದರೆ ಈ ನಾಲ್ಕೈದು ವರ್ಷಗಳಲ್ಲಿ ಕರ್ನಾಟಕದ ಗಂಡಸರು ಇದ್ದಕ್ಕಿದ್ದಂತೆ ಎರಡು ಪಟ್ಟು ಕ್ರೂರಿಗಳಾದರೇ?

ಲೆಕ್ಕ ಹಾಕಿ ನೋಡಿದರೆ ಅದು ಅಸಂಭವ ಅನ್ನಿಸುತ್ತದೆ. ಇದು ಕಳೆದ ಒಂದು ವರ್ಷದ ಲೆಕ್ಕವಲ್ಲ, ದಾಂಪತ್ಯದುದ್ದದ ಲೆಕ್ಕ. 2015ರಲ್ಲಿ ಮೂವತ್ತು ವರ್ಷದವಳಾಗಿದ್ದ ಹೆಂಗಸು 2019ರಲ್ಲೂ ಇದೇ ವಯೋಮಿತಿಯಲ್ಲಿರುತ್ತಾಳೆ, ಆಕೆಯ ಹಳೆಯ ಅನುಭವವೂ ಎಣಿಕೆಗೆ ಬರುತ್ತದೆ. ಎರಡೂ ಅಂಕಿ ನಿಜವಾಗಬೇಕಾದರೆ, ಅಲ್ಲಿಯವರೆಗೆ ಒಂದೇಟೂ ತಿನ್ನದ ನೂರು ಹೆಂಗಸರಲ್ಲಿ ಸುಮಾರು ಮೂವತ್ತು ಮಂದಿಗೆ ಆ ಅಲ್ಪ ಅವಧಿಯಲ್ಲೇ ಮೊದಲ ಬಾರಿ ಏಟು ಬಿದ್ದಿರಬೇಕು. ಗಂಡನ ಕೈ ಮೊದಲ ಸಲ ಮೇಲೇಳುವುದು ಬಹುಮಟ್ಟಿಗೆ ಮದುವೆಯಾದ ಮೊದಲ ಕೆಲವೇ ವರ್ಷಗಳಲ್ಲಿ ಎಂದು ಇದೇ ಸಮೀಕ್ಷೆಗಳು ತೋರಿಸಿವೆ. ಹತ್ತು ಹದಿನೈದು ವರ್ಷ ಸಂಸಾರ ಮಾಡಿದ ಅಷ್ಟೊಂದು ಮನೆಗಳಲ್ಲಿ ಅದು ಒಟ್ಟಿಗೇ ಶುರುವಾಗುವುದಿಲ್ಲ. ಐದನೇ ಸಮೀಕ್ಷೆಯಲ್ಲಿ ನೆರೆಯ ತಮಿಳುನಾಡಿನ ಅಂಕಿ ಸುಮಾರು ಶೇ 38, ತೆಲಂಗಾಣದ್ದು ಸುಮಾರು 37. ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನಿಸಬೇಕಾದ್ದು 44ನ್ನೋ, 20ನ್ನೋ? ನನಗೆ 20ರ ಮೇಲೆಯೇ ಹೆಚ್ಚು ಅನುಮಾನ. ಎರಡು ಸುತ್ತುಗಳ ನಡುವೆ ಬದಲಾದದ್ದು ಹಿಂಸೆಗಿಂತ ಹೆಚ್ಚಾಗಿ ಅದನ್ನು ಅಳೆದ ರೀತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳೆಯುವ ಸಾಧನ ಇಲ್ಲಿ ಮನುಷ್ಯರೇ. ರಕ್ತದ ಹಿಮೋಗ್ಲೋಬಿನ್ ಅಳೆಯಲು ಯಂತ್ರವಿದೆ, ಮಗುವಿನ ಎತ್ತರಕ್ಕೆ ಪಟ್ಟಿಯಿದೆ. ಗಂಡ ಹೊಡೆದನೇ ಎಂಬುದನ್ನು ತಿಳಿಯಲು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಎದುರು ಕೂತು ಕೇಳಲೇಬೇಕು. ಹೇಗೆ ಕೇಳಬೇಕು ಅನ್ನುವುದಕ್ಕೆ ನಾಲ್ಕು ದಶಕಗಳ ಸಂಶೋಧನೆಯಿದೆ. 'ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ' ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಯಾವುದಾದರೊಂದು ಕಾರಣಕ್ಕೆ ಗಂಡ ಹೊಡೆದರೆ ತಪ್ಪಿಲ್ಲ ಎಂದು ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಶೇ 77 ಹೆಂಗಸರು ಒಪ್ಪಿದ್ದಾರೆ. ತಪ್ಪಿಲ್ಲ ಅನ್ನಿಸಿದ್ದನ್ನು ಯಾರು ದೌರ್ಜನ್ಯ ಅಂದಾರು? ಅದಕ್ಕೇ 2005-06ರ ಮೂರನೇ ಸಮೀಕ್ಷೆಯಿಂದ ಒಂದೊಂದು ಕೃತ್ಯವನ್ನೂ ಬಿಡಿಸಿ ಕೇಳುತ್ತಾರೆ: ಕೆನ್ನೆಗೆ ಹೊಡೆದಿದ್ದಾರಾ? ತೋಳು ತಿರುಚಿದ್ದಾರಾ, ಕೂದಲು ಹಿಡಿದು ಎಳೆದಿದ್ದಾರಾ? ಒದ್ದಿದ್ದಾರಾ? ಬೇಕೆಂದೇ ಕತ್ತು ಹಿಸುಕಲು, ಸುಡಲು ನೋಡಿದ್ದಾರಾ? ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಈ ಪ್ರಶ್ನೆಗಳು. ಅತ್ತೆಯನ್ನೂ ಸೊಸೆಯನ್ನೂ ಕೇಳಿದರೆ ಗುಟ್ಟು ಮನೆಯೊಳಗೇ ಬಯಲಾಗುತ್ತದೆ. ಏಕಾಂತ ಸಿಗದಿದ್ದರೆ ಈ ಭಾಗವನ್ನೇ ಕೈಬಿಡಬೇಕು. ಮಾತಿನ ನಡುವೆ ಯಾರೋ ಒಳಗೆ ಬಂದರೆ, ನುರಿತ ಸಂದರ್ಶಕಿ ದನಿ ಬದಲಾಯಿಸದೆ ಮಗುವಿನ ಲಸಿಕೆಯದೋ ಊಟತಿಂಡಿಯದೋ ಪ್ರಶ್ನೆಗೆ ಹೊರಳುತ್ತಾಳೆ. ಬಂದವರು ಹೋದ ಮೇಲೆ ಮತ್ತೆ ಹಿಂದಿನ ಪ್ರಶ್ನೆಗೆ ಬರುತ್ತಾಳೆ. ಇದು ಪ್ರಶ್ನಾವಳಿಯ ಹಾಳೆಯಲ್ಲಿ ಅಚ್ಚಾಗಿರುವ ವಿದ್ಯೆಯಲ್ಲ.

ಈ ವಿದ್ಯೆಗೆ ಎಷ್ಟು ಬೆಲೆ ಅನ್ನುವುದನ್ನೂ ಅಳೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳ ಸುಮಾರು 24,000 ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಸರ್ಬಿಯಾವೂ ಇತ್ತು. ಅಲ್ಲಿ ಎರಡು ಬಗೆಯ ಸಂದರ್ಶಕಿಯರು ಕೆಲಸ ಮಾಡಿದರು. ಒಂದು ಗುಂಪಿನವರಿಗೆ ಅನುಭವವಿರಲಿಲ್ಲ, ಆದರೆ ಅವರನ್ನು ನೋಡಿ ಆರಿಸಿ ವಾರಗಟ್ಟಲೆ ತರಬೇತಿ ಕೊಟ್ಟಿದ್ದರು. ಇನ್ನೊಂದು ಗುಂಪಿನವರು ಸಮೀಕ್ಷೆಗಳಲ್ಲಿ ಪಳಗಿದ ವೃತ್ತಿಪರರು, ಅವರಿಗೆ ಒಂದೇ ದಿನದ ತರಬೇತಿ. ಹೊಸಬರ ಎದುರು ಮಾತಾಡಲು ಒಪ್ಪಿದವರು ಶೇ 93, ಪಳಗಿದವರ ಎದುರು ಶೇ 86. ಹಿಂಸೆಯನ್ನು ಹೇಳಿಕೊಂಡವರು ಕ್ರಮವಾಗಿ ಶೇ 26 ಮತ್ತು 21. ಹಿಂಸೆ ಅನುಭವಿಸಿದವರಲ್ಲಿ ಸಂದರ್ಶನ ತೃಪ್ತಿ ತಂದಿತು ಅಂದವರು 46 ಮತ್ತು 29. ಅದೇ ಪ್ರಶ್ನಾವಳಿ, ಅದೇ ದೇಶ. ಬೇರೆಯಾಗಿದ್ದದ್ದು ಕೇಳಿದವರು ಮತ್ತು ಅವರಿಗೆ ಕೊಟ್ಟ ತರಬೇತಿ. ಸಾಮಾನ್ಯ ಸಮೀಕ್ಷೆಯ ಅನುಭವ ಈ ಕೆಲಸಕ್ಕೆ ಸಾಲದು ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಹಾಗಾದರೆ ಮನುಷ್ಯರನ್ನೇ ಬಿಟ್ಟು ಯಂತ್ರದ ಕೈಗೆ ಕೊಟ್ಟರೆ ಆಗದೇ? ಎದುರಿಗೆ ಯಾರೂ ಇಲ್ಲದಿದ್ದರೆ ನಾಚಿಕೆ ಇರುವುದಿಲ್ಲ, ಇಯರ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು ಗುಂಡಿ ಒತ್ತಿದರಾಯಿತು ಎಂಬ ವಾದ ಮೇಲ್ನೋಟಕ್ಕೆ ಸರಿಯೇ. ಇದನ್ನು ಪರೀಕ್ಷಿಸಿದ್ದು ನಮ್ಮ ಬೆಂಗಳೂರಿನಲ್ಲೇ, 2005ರಿಂದ 2009ರವರೆಗೆ ನಡೆದ ಸಮತಾ ಆರೋಗ್ಯ ಅಧ್ಯಯನದಲ್ಲಿ. ಕಡಿಮೆ ಆದಾಯದ ಬಡಾವಣೆಗಳ 464 ಯುವ ವಿವಾಹಿತೆಯರಿಗೆ ಅವೇ ಪ್ರಶ್ನೆಗಳನ್ನು ಮುಖಾಮುಖಿಯಾಗಿಯೂ ಕಂಪ್ಯೂಟರಿನ ಮೂಲಕವೂ ಕೇಳಿದರು. ಒಮ್ಮೆ ಮನುಷ್ಯರು ಮೊದಲು, ವರ್ಷ ಬಿಟ್ಟು ಯಂತ್ರ ಮೊದಲು. ಎರಡೂ ಸಲ ಕಂಪ್ಯೂಟರಿಗೆ ಹಿಂಸೆಯನ್ನು ಹೇಳಿದವರೇ ಕಡಿಮೆ. ಮೊದಲ ಸಲ ಸುಮಾರು ಶೇ 39ರಷ್ಟು, ಎರಡನೇ ಸಲ ಸುಮಾರು 26ರಷ್ಟು ಕಡಿಮೆ. ಆದರೆ ಇದನ್ನೇ ಎಲ್ಲ ಕಡೆಗೂ ನಿಯಮ ಮಾಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಬಾಲ್ಯದ ಲೈಂಗಿಕ ದೌರ್ಜನ್ಯದ ಬಗ್ಗೆ ನಗುವ ಮುಖ, ಅಳುವ ಮುಖ ಬರೆದ ಚೀಟಿ ಕೊಟ್ಟು, ಗುಟ್ಟಾಗಿ ಗುರುತು ಹಾಕಿ ಮುಚ್ಚಿ ಕೊಡಲು ಹೇಳಿದರು. ಹೆಚ್ಚಿನ ಕಡೆ ಬಾಯಿಬಿಟ್ಟು ಹೇಳಿದವರಿಗಿಂತ ಚೀಟಿಯಲ್ಲಿ ತಿಳಿಸಿದವರೇ ಹೆಚ್ಚು. ಯಾವ ಊರಿನಲ್ಲಿ, ಯಾವ ವಿಷಯವನ್ನು ಹೇಗೆ ಕೇಳಿದರೆ ಉತ್ತರ ಸಿಗುತ್ತದೆ ಅನ್ನುವುದನ್ನು ಆಯಾ ಊರಿನಲ್ಲೇ ಸಂಶೋಧಿಸಿ ಕಂಡುಕೊಳ್ಳಬೇಕು, ಬೇರೆಡೆಯ ಉತ್ತರವನ್ನು ತಂದು ನೆಟ್ಟರೆ ಬೇರು ಬಿಡುವುದಿಲ್ಲ.

ಪೊಲೀಸ್ ದಾಖಲೆಗಳಿರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಐದನೇ ಸಮೀಕ್ಷೆಯ ಪ್ರಕಾರ, ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಕಂಡವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇ 14 ಮಾತ್ರ. ಶೇ 77 ಮಂದಿ ನೆರವನ್ನೂ ಕೇಳಿಲ್ಲ, ಯಾರಿಗೂ ಬಾಯಿಯೂ ಬಿಟ್ಟಿಲ್ಲ. ಕೇಳಿದವರೂ ಹೆಚ್ಚಾಗಿ ಹೋದದ್ದು ತವರಿಗೆ, ಠಾಣೆಗಲ್ಲ. ಠಾಣೆಯ ಲೆಕ್ಕ ಠಾಣೆ ಮುಟ್ಟಿದವರ ಲೆಕ್ಕ ಅಷ್ಟೇ. ಹೆಂಗಸರು ಉತ್ಪ್ರೇಕ್ಷೆ ಮಾಡುತ್ತಾರೆ ಎಂಬ ಇನ್ನೊಂದು ಆಕ್ಷೇಪಕ್ಕೆ ಆಧಾರ ಕಾಣುವುದಿಲ್ಲ. ಹೆಸರಿಲ್ಲದ ಸಮೀಕ್ಷೆಯಲ್ಲಿ ಹೌದು ಅಂದರೆ ಪರಿಹಾರವಿಲ್ಲ, ಕೇಸಿಲ್ಲ. ಸಿಗುವುದು ಹಿಂದೆಯೇ ಬರುವ ಇನ್ನಷ್ಟು ನೋಯಿಸುವ ಪ್ರಶ್ನೆಗಳು. ಕ್ಷೇತ್ರದಲ್ಲಿ ದುಡಿದ ಸಂಶೋಧಕರೆಲ್ಲ ಭಯಪಡುವುದು ಮುಚ್ಚಿಟ್ಟದ್ದಕ್ಕೇ ಹೊರತು ಹೆಚ್ಚು ಹೇಳಿದ್ದಕ್ಕಲ್ಲ. ಕೇಳುವುದರಿಂದಲೇ ಅವಳಿಗೆ ಅಪಾಯವಾದರೆ? ಇದು ಮಾತ್ರ ಗಂಭೀರ ಆಕ್ಷೇಪ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗೆಯ ಸಂಶೋಧನೆಗೆ ನೈತಿಕ ಮಾರ್ಗಸೂಚಿ ಹೊರತಂದದ್ದು ಇದೇ ಕಾರಣಕ್ಕೆ. ಹೆಂಗಸಿನ ಸುರಕ್ಷತೆ ಅಂಕಿಗಿಂತ ಮೊದಲು, ನೆರವಿನ ವಿಳಾಸ ಕೈಗೆ ಕೊಡದೆ ಎದ್ದು ಬರಬಾರದು, ಕೇಳಿ ಕೇಳಿ ಕುಗ್ಗುವ ಸಂದರ್ಶಕಿಯರಿಗೂ ಆಸರೆ ಬೇಕು ಎಂದು ಅದು ಹೇಳುತ್ತದೆ. ಇದನ್ನೆಲ್ಲ ಪಾಲಿಸಲಾಗದವರು ಈ ಪ್ರಶ್ನೆ ಕೇಳಲು ಹೋಗಲೇಬಾರದು. ಅಂದರೆ ಆಕ್ಷೇಪದ ಗುರಿ ಅಳತೆಯಲ್ಲ, ಸಿದ್ಧತೆಯಿಲ್ಲದ ಅಳತೆ.

ಸಿದ್ಧತೆಯನ್ನು ಕಟ್ಟುವ ಪ್ರಯತ್ನ ಏಷ್ಯಾ-ಪೆಸಿಫಿಕ್ ವಲಯದಲ್ಲಿ ನಡೆದಿದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಆಸ್ಟ್ರೇಲಿಯಾ ಸರ್ಕಾರದ ನೆರವಿನಿಂದ 2016ರಲ್ಲಿ ಶುರುಮಾಡಿದ ಕಾರ್ಯಕ್ರಮದಡಿ ಮೆಲ್ಬರ್ನ್ ವಿಶ್ವವಿದ್ಯಾಲಯ ಈ ಅಳತೆಗೆಂದೇ ಒಂದು ಕೋರ್ಸ್ ರೂಪಿಸಿತು. ಆಯಾ ದೇಶದ ಸಂಖ್ಯಾಶಾಸ್ತ್ರಜ್ಞರೂ ಮಹಿಳಾ ಸಂಘಟನೆಯವರೂ ಒಟ್ಟಿಗೆ ಕೂತು ಕಲಿಯಬೇಕು ಎಂಬುದು ಅದರ ಹಿಂದಿನ ಆಲೋಚನೆ. ನಮ್ಮಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಯ ಹೊಣೆ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯದು. ಮನೆಗಳಿಗೆ ಹೋಗುವ ಕೆಲಸವನ್ನು ಸುತ್ತಿನಿಂದ ಸುತ್ತಿಗೆ ಬೇರೆ ಬೇರೆ ಏಜೆನ್ಸಿಗಳು ವಹಿಸಿಕೊಳ್ಳುತ್ತವೆ. ಸುತ್ತು ಮುಗಿದೊಡನೆ ಸಂದರ್ಶಕಿಯರು ಚದುರುತ್ತಾರೆ. ಮುಂದಿನ ಸುತ್ತಿಗೆ ಹೊಸಬರು, ಹೊಸ ತರಬೇತಿ. ಇವರ ಬದಲು ಆಶಾ ಕಾರ್ಯಕರ್ತೆಯರನ್ನು ಕಳಿಸೋಣ ಅಂದರೆ ಅದೂ ಸಲ್ಲ. ಅದೇ ಊರಿನವಳ ಎದುರು ಯಾರು ಮನೆಯ ಗುಟ್ಟು ಬಿಡುತ್ತಾರೆ? ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ, ಧಾರವಾಡದಲ್ಲಿ ಇನ್ನೊಂದಿದೆ. ನೊಂದವರೊಡನೆ ಮಾತಾಡುವುದನ್ನು ಕಲಿಸಬಲ್ಲ ನಿಮ್ಹಾನ್ಸ್ ಇದೆ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಇವು ಕೈಜೋಡಿಸಿದರೆ ಕನ್ನಡದ ಒಳನುಡಿಗಳನ್ನು ಬಲ್ಲ, ಸುತ್ತು ಮುಗಿದರೂ ಉಳಿಯುವ ಒಂದು ಸಂದರ್ಶಕಿಯರ ಪಡೆ ಕಟ್ಟುವುದು ಅಸಾಧ್ಯವಲ್ಲ. ಅದಕ್ಕೆ ಬೇಕಾಗುವ ಹಣವನ್ನು ನೊಂದವರ ಆಸರೆ ಕೇಂದ್ರಗಳಿಗೇ ಕೊಡಬಹುದಲ್ಲ ಎಂಬ ಮಾತಿನಲ್ಲಿ ಕಳಕಳಿಯಿದೆ. ಆದರೆ ಆ ಕೇಂದ್ರಗಳು ಎಲ್ಲಿರಬೇಕು ಅನ್ನುವುದೇ ಇಂದು ಗೊತ್ತಿಲ್ಲ. ಹಿಂಸೆಯ ಪ್ರಶ್ನೆಗಳನ್ನು ಕೆಲವೇ ಮನೆಗಳಲ್ಲಿ ಕೇಳುವುದರಿಂದ ಅಂಕಿ ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ. ಕಲಬುರಗಿಗೂ ಉಡುಪಿಗೂ ಇರಬಹುದಾದ ಅಂತರ ಅದರಲ್ಲಿ ಕಾಣದು.

ಅಂಥ ಪಡೆ ಸಿದ್ಧವಾದರೆ ಮೊದಲು ಮಾಡಬೇಕಾದ ಕೆಲಸವೂ ಸರ್ಬಿಯಾದ ಮಾದರಿಯದ್ದೇ. ರಾಜ್ಯದ ನಾಲ್ಕಾರು ತಾಲ್ಲೂಕುಗಳಲ್ಲಿ ಚೀಟಿ ಎತ್ತಿ ಮನೆಗಳನ್ನು ಎರಡು ಪಾಲು ಮಾಡಬೇಕು. ಒಂದು ಪಾಲಿಗೆ ಮಾಮೂಲಿ ತರಬೇತಿಯ ತಂಡ, ಇನ್ನೊಂದಕ್ಕೆ ವಾರಗಟ್ಟಲೆ ಕಲಿತ ತಂಡ ಹೋಗಿ ಅವೇ ಪ್ರಶ್ನೆಗಳನ್ನು ಕೇಳಬೇಕು. ಎರಡು ಉತ್ತರಗಳ ನಡುವಿನ ಅಂತರ ತಿಳಿದರೆ, 20.6 ಮತ್ತು 44.4ರ ನಡುವೆ ಕೇಳಿದ ರೀತಿಯ ಪಾಲು ಎಷ್ಟಿರಬಹುದು ಎಂದು ಅಂದಾಜು ಮಾಡಲು ನಮಗೆ ಮೊದಲ ಬಾರಿ ಒಂದು ಆಧಾರ ಸಿಗುತ್ತದೆ.