ನಂಟು ಇರಲಿ, ಸಹಿ ಬೇರೆಯವರದಿರಲಿ

ಯಲ್ಲಾಪುರ ತಾಲೂಕಿನ ಚಂದಗುಳಿಯಂಥ ಊರಿನಲ್ಲಿ ಸಹಕಾರ ಸಂಘದ ಕೆಲಸಕ್ಕೆ ಅರ್ಜಿ ಹಾಕಿದವರು ಆಡಳಿತ ಮಂಡಳಿಯ ಯಾರಿಗಾದರೂ ಅಳಿಯನೋ ಭಾವನೋ ಸೋದರತ್ತೆಯ ಮಗಳೋ ಆಗಿರುವ ಸಂಭವವೇ ಹೆಚ್ಚು. 1923ರಲ್ಲಿ ಶಿರಸಿಯಲ್ಲಿ ಅಡಕೆ ಬೆಳೆಗಾರರ ಸಹಕಾರ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದಾಗಿನಿಂದಲೂ ಅಡಕೆ ಸೀಮೆಯ ಸಹಕಾರವೇ ಪರಸ್ಪರ ಬಲ್ಲವರ ನಂಬಿಕೆಯ ಮೇಲೆ ನಿಂತದ್ದು. ಸಂಬಂಧಿಕರು ಒಂದೇ ಕಚೇರಿಯಲ್ಲಿ ಇರಕೂಡದೆಂಬ ಪಟ್ಟಣದ ಕಂಪನಿಗಳ ನಿಯಮವನ್ನು ಇಲ್ಲಿಗೆ ತಂದರೆ ಗುಮಾಸ್ತರೇ ಸಿಗಲಿಕ್ಕಿಲ್ಲ. ಹಾಗೆಂದು ನಿಯಮವೇ ಬೇಡವೆನ್ನಲಾಗದು. ಮಾವನ ಸಹಿಯಿಂದ ಅಳಿಯನಿಗೆ ಬಡ್ತಿ ಸಿಕ್ಕಾಗ, ಅವನು ಅರ್ಹನೇ ಆಗಿದ್ದರೂ, ಪಕ್ಕದ ಮೇಜಿನವನಿಗೆ ಅನುಮಾನ ಬಂದೇ ಬರುತ್ತದೆ. ಆದ್ದರಿಂದ ನಿಯಮ ಹಿಡಿದು ನಿಲ್ಲಿಸಬೇಕಾದದ್ದು ಆ ಸಹಿಯನ್ನು. ನಂಟು ಅದರ ಪಾಡಿಗೆ ಇರಲಿ.

ನಂಟನ್ನೇ ನಿಷೇಧಿಸಿದಾಗ ಹೊರೆ ಬೀಳುವುದು ಹೆಚ್ಚಾಗಿ ಹೆಣ್ಣಿನ ಮೇಲೆ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಯ 1961ರ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಕಂಡರೆ ರಾಜೀನಾಮೆ ಕೊಡಬೇಕಿತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಸಂಸಾರ ಗಂಡಸಿಗೂ ಇರುತ್ತದಲ್ಲ ಎಂಬ ಸರಳ ತರ್ಕವನ್ನೇ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮುಂದಿಟ್ಟರು. ಇನ್ಫೋಸಿಸ್‌ನಲ್ಲಿ ಇಂಥ ಕಟ್ಟಳೆ ಹಾಕಿದ್ದು ಸರ್ಕಾರವಲ್ಲ, ಸ್ಥಾಪಕರೇ. ಗಂಡ ಹೆಂಡತಿ ಇಬ್ಬರೂ ಕಂಪನಿಯಲ್ಲಿ ಬೇಡವೆಂದು ನಾರಾಯಣ ಮೂರ್ತಿ ಹೇಳಿದಾಗ ಹೊರಗುಳಿದವರು, ಆರಂಭಕ್ಕೆ ಹತ್ತು ಸಾವಿರ ರೂಪಾಯಿ ಕೊಟ್ಟ, ಸ್ವತಃ ಎಂಜಿನಿಯರ್ ಆಗಿದ್ದ ಅವರ ಪತ್ನಿ ಸುಧಾ ಮೂರ್ತಿ. ಉದ್ದೇಶ ಒಳ್ಳೆಯದೇ, ಆದರೆ ಬೆಲೆ ತೆತ್ತವರು ಒಬ್ಬರೇ. 2013ರಲ್ಲಿ ಮೂರ್ತಿಯವರು ಕಂಪನಿಗೆ ಮರಳಿದಾಗ ಮಗನನ್ನು ಕಾರ್ಯನಿರ್ವಾಹಕ ಸಹಾಯಕನಾಗಿ ಕರೆತಂದರು. ನಿಷೇಧ ಎಷ್ಟು ಕಠಿಣವೋ ವಿನಾಯಿತಿ ಅಷ್ಟೇ ಎದ್ದು ಕಾಣುತ್ತದೆ.

ಇದಕ್ಕಿಂತ ಮೇಲಾದ ದಾರಿ ಕಂಪನಿ ಕಾಯ್ದೆಯಲ್ಲೇ ಇದೆ. 2013ರ ಆ ಕಾಯ್ದೆಯ 184ನೆಯ ಕಲಮಿನಂತೆ, ತನಗೆ ಹಿತಾಸಕ್ತಿಯಿರುವ ಒಪ್ಪಂದ ಸಭೆಗೆ ಬಂದರೆ ನಿರ್ದೇಶಕ ಅದನ್ನು ತಿಳಿಸಿ ಚರ್ಚೆಯಿಂದ ದೂರ ಉಳಿಯಬೇಕು. ಅದೇ ವರ್ಷ ಐಟಿ ಕಂಪನಿ ಐಗೇಟ್ ತನ್ನ ಮುಖ್ಯಸ್ಥ ಫಣೀಶ್ ಮೂರ್ತಿಯವರನ್ನು ತೆಗೆದಾಗ, ಕೈಕೆಳಗಿನ ಉದ್ಯೋಗಿಯೊಡನಿದ್ದ ಸಂಬಂಧವನ್ನು ತಿಳಿಸದಿದ್ದುದೇ ನಿಯಮಭಂಗವೆಂದಿತು. ಕಿರುಕುಳ ನೀತಿಯ ಉಲ್ಲಂಘನೆ ಕಂಡುಬಂದಿಲ್ಲವೆಂದೂ ಹೇಳಿತು. ಖಾಸಗಿ ವಿಷಯ ಸಂಸ್ಥೆಗೇಕೆ ಎಂದು ಕೇಳುವವರಿದ್ದಾರೆ. ಸಮಾನ ಹುದ್ದೆಯ ಇಬ್ಬರ ಪ್ರೀತಿ ಖಾಸಗಿಯೇ. ಒಬ್ಬರ ರಜೆ, ಸಂಬಳ, ವರ್ಗಾವಣೆ ಇನ್ನೊಬ್ಬರ ಕೈಯಲ್ಲಿದ್ದರೆ ಅದು ಉಳಿದ ನೌಕರರ ವಿಷಯವೂ ಆಗುತ್ತದೆ. ಅಲ್ಲಿ ಒಪ್ಪಿಗೆಯೂ ಎಷ್ಟು ಮುಕ್ತವೆಂದು ಹೇಳುವುದು ಕಷ್ಟ.

ನಮ್ಮೂರಲ್ಲಿ ಯಾರಿಗೆ ಯಾರು ಏನಾಗಬೇಕೆಂದು ಎಲ್ಲರಿಗೂ ಗೊತ್ತು, ಬರೆದಿಡುವುದೇಕೆ ಎಂಬ ಆಕ್ಷೇಪ ಘಟ್ಟದ ಮೇಲೆ ಖಂಡಿತ ಬರುತ್ತದೆ. ಎಲ್ಲರಿಗೂ ಗೊತ್ತಿದ್ದರೂ ಸಭೆಯಲ್ಲಿ ಯಾರೂ ಹೇಳುವುದಿಲ್ಲ, ದಾಕ್ಷಿಣ್ಯ. ನಡಾವಳಿ ಪುಸ್ತಕಕ್ಕೆ ಆ ದಾಕ್ಷಿಣ್ಯವಿಲ್ಲ. ನೇಮಕ, ಬಡ್ತಿ, ಶಿಸ್ತುಕ್ರಮದ ವಿಷಯ ಬಂದಾಗ ಸಂಬಂಧವಿರುವ ಸದಸ್ಯ ಅದನ್ನು ಹೇಳಿ ಹೊರಗೆ ಕೂರಬೇಕು, ಹಾಗೆ ಕೂತದ್ದು ದಾಖಲಾಗಬೇಕು ಎಂಬ ಒಂದು ಠರಾವನ್ನು ನಿಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಮಂಡಿಸಿ.