ಕೆಂದೂಳು ಮತ್ತು ಕರಿಯ ಕಾರಿನ ಹೊಳಪು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ, ತೋರಣಗಲ್ಲಿಗೆ ಮೊದಲು ಸಿಕ್ಕುವ ಊರು ಗಾದಿಗನೂರು. ಅದರ ದಕ್ಷಿಣಕ್ಕೆ ಹಬ್ಬಿರುವ ಸಂಡೂರಿನ ಬೆಟ್ಟಗಳು ಹೆಮಟೈಟ್ ಎಂಬ ಕಬ್ಬಿಣದ ಅದಿರಿಗೆ ಹೆಸರಾದುವು. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಲಾರಿಗಳು ಇಲ್ಲಿ ಸಾಲುಗಟ್ಟಿ ಸಾಗುತ್ತಿದ್ದಾಗ ದಾರಿಬದಿಯ ಗಿಡಮರಗಳೂ ಮನೆಗಳ ಗೋಡೆಗಳೂ ಒಂದೇ ಕೆಂಪು ಬಣ್ಣವನ್ನು ತಾಳಿದ್ದುವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಮುಂದೆ ಷರತ್ತುಗಳ ಮೇಲೆ ಅದಕ್ಕೆ ಎಡೆಗೊಟ್ಟಿತು. ಧೂಳು ತಗ್ಗಿತಾದರೂ ತೀರ ಇಲ್ಲವಾಗಲಿಲ್ಲ.

ಇಂತಹ ದಾರಿಯಲ್ಲಿ ಓಡಾಡುವ ಕರಿಯ ಕಾರನ್ನು ನೋಡಿರಿ. ಕೊಂಡ ಹೊಸದರಲ್ಲಿ ಅದು ಕನ್ನಡಿಯಂತಿರುತ್ತದೆ. ಒಂದೆರಡು ವರ್ಷ ಕಳೆಯುವುದರೊಳಗೆ ಮಸುಕಾಗಿ, ಬಿಸಿಲಿಗೆ ನಿಲ್ಲಿಸಿದರೆ ಸೂರ್ಯಬಿಂಬದ ಸುತ್ತ ಜೇಡರ ಬಲೆಯಂತೆ ನವುರಾದ ಗೀರುಗಳನ್ನು ತೋರುತ್ತದೆ. ಅದರ ಪಕ್ಕದಲ್ಲಿ ನಿಂತ, ಅಷ್ಟೇ ದೂರ ಓಡಿದ ಬಿಳಿಯ ಕಾರಿನಲ್ಲಿ ಗೀರುಗಳು ಕಣ್ಣಿಗೆ ಬೀಳುವುದೇ ಅಪರೂಪ. ಇದೇಕೆ? ಕಳೆದ ಹೊಳಪನ್ನು ಮರಳಿ ಪಡೆಯಬಹುದೆ?

ಮೊದಲು ಹೊಳಪೆಂದರೇನೆಂದು ತಿಳಿಯೋಣ. ಹಂಪೆಯ ಹಜಾರರಾಮ ದೇವಾಲಯದ ಕರಿಶಿಲೆಯ ಕಂಬಗಳಿಗೆ ಯಾವ ಬಣ್ಣದ ಲೇಪವೂ ಇಲ್ಲ. ಆದರೂ ಅವು ಹೊಳೆಯುತ್ತವೆ. ಅಲ್ಲಿ ಹೊಳೆಯುವುದು ಉಜ್ಜಿ ನುಣುಪುಗೊಳಿಸಿದ ಕಲ್ಲಿನ ಮೈಯೇ. ನುಣುಪಾದ ಮೈಯ ಮೇಲೆ ಬಿದ್ದ ಕಿರಣಗಳು ಶಿಸ್ತಿನಿಂದ ಒಂದೇ ದಿಕ್ಕಿಗೆ ಮರಳುತ್ತವೆ. ಒರಟಾದ ಮೈಯಿಂದ ನಾಲ್ಕು ದಿಕ್ಕಿಗೂ ಚದರಿಹೋಗುತ್ತವೆ. ನುಣುಪು ಯಾವುದು, ಒರಟು ಯಾವುದು ಎಂಬುದನ್ನು ನಿರ್ಣಯಿಸುವ ಅಳತೆಗೋಲು ಬೆಳಕಿನ ಅಲೆಯುದ್ದ. ಅದು 0.4ರಿಂದ 0.7 ಮೈಕ್ರಾನು, ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೈಯ ಉಬ್ಬುತಗ್ಗುಗಳು ಇದಕ್ಕಿಂತ ಬಹಳ ಚಿಕ್ಕವಾದರೆ ಬೆಳಕಿಗೆ ಅವು ಇದ್ದೂ ಇಲ್ಲದಂತೆ.

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ರಾಳದ ಪದರವೊಂದಿರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನು, ಎಂದರೆ ನಮ್ಮ ತಲೆಗೂದಲಿನಷ್ಟೂ ಇಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲು ಈ ಪದರದ ಮೇಲ್ಮೈಯಿಂದಲೇ ಪ್ರತಿಫಲಿಸುತ್ತದೆ. ಉಳಿದುದು ಕೆಳಗಿಳಿದು ಬಣ್ಣವನ್ನು ಮುಟ್ಟುತ್ತದೆ. ಬಿಳಿಯ ಬಣ್ಣ ಅದರಲ್ಲಿ ಬಹುಭಾಗವನ್ನು ಚದರಿಸಿ ಹಿಂದಕ್ಕೆ ಕಳುಹಿಸುತ್ತದೆ. ಆ ಬೆಳಕಿನ ಪ್ರವಾಹದಲ್ಲಿ ಗೀರಿನಿಂದ ಚದರಿದ ಅಲ್ಪ ಬೆಳಕು ಹಗಲಿನ ನಕ್ಷತ್ರದಂತೆ ಮರೆಯಾಗುತ್ತದೆ. ಕರಿಯ ಬಣ್ಣವಾದರೋ ಕೆಳಗಿಳಿದುದನ್ನೆಲ್ಲ ನುಂಗಿಬಿಡುತ್ತದೆ. ಆ ಕತ್ತಲೆಯ ಹಿನ್ನೆಲೆಯಲ್ಲಿ ಪ್ರತಿಯೊಂದು ಗೀರೂ ನಕ್ಷತ್ರದಂತೆ ಬೆಳಗುತ್ತದೆ. ಎರಡು ಕಾರುಗಳಿಗೂ ಗೀರು ಬಿದ್ದಿದೆ. ಕರಿಯದು ಅದನ್ನು ಮುಚ್ಚಿಡಲಾರದು, ಅಷ್ಟೆ.

ಸೂರ್ಯಬಿಂಬದ ಸುತ್ತ ಕಾಣುವ ವೃತ್ತಗಳು ವಾಸ್ತವವಾಗಿ ವೃತ್ತಗಳಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇವೆ. ಅವುಗಳಲ್ಲಿ ಬಿಂಬದಿಂದ ಹೊರಟ ರೇಖೆಗೆ ಅಡ್ಡಲಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ಎಸೆಯುತ್ತವೆ. ನಾವು ಪಕ್ಕಕ್ಕೆ ಸರಿದರೆ ಬಲೆಯೂ ನಮ್ಮೊಡನೆ ಸರಿಯುವುದನ್ನು ವಿದ್ಯಾರ್ಥಿಗಳು ತಾವೇ ನೋಡಬಹುದು.

ಈ ಗೀರುಗಳನ್ನು ಎಳೆದವರಾರು? ಗಾಳಿಯಲ್ಲಿ ಹಾರಿಬಂದು ಕುಳಿತ ಧೂಳು ತಾನಾಗಿ ಗೀರು ಎಳೆಯುವುದು ಕಡಿಮೆ. ಬೆಳಿಗ್ಗೆ ಎದ್ದೊಡನೆ ಒಣಬಟ್ಟೆಯಿಂದ ಅದನ್ನು ಒರೆಸುವ ಕೈಯೇ ಗೀರು ಎಳೆಯುತ್ತದೆ. ಮೋಸ್ ಎಂಬ ಖನಿಜವಿಜ್ಞಾನಿಯ ಗಡಸುತನದ ಅಳತೆಯಲ್ಲಿ ಹೆಮಟೈಟಿನ ಸ್ಥಾನ 5.5ರಿಂದ 6.5, ಮರಳಿನಲ್ಲಿರುವ ಬೆಣಚುಕಲ್ಲಿನದು 7. ರಾಳದ ಪದರ ಇವೆರಡಕ್ಕಿಂತಲೂ ಬಹಳ ಮೃದು. ಒಣಬಟ್ಟೆಯ ಕೆಳಗೆ ಸಿಕ್ಕ ಒಂದೊಂದು ಕಣವೂ ಒಂದೊಂದು ಉಳಿಯಾಗುತ್ತದೆ. ಆದುದರಿಂದ ಮೊದಲು ಧಾರಾಳವಾಗಿ ನೀರು ಹರಿಸಿ ಕಣಗಳನ್ನು ತೊಳೆದು ಕಳೆಯಬೇಕು; ಆಮೇಲೆ ಮೆತುವಾದ ಒದ್ದೆ ಬಟ್ಟೆಯನ್ನು ಮುಟ್ಟಿಸಬೇಕು. ಬಟ್ಟೆ ಹಿಂಡುವ ನೀರಿನ ಬಕೆಟ್ಟು ಬೇರೆಯಾಗಿರಬೇಕು.

ಒದ್ದೆಯಾಗಿರುವಾಗ ಕಾರು ಹೊಸದರಂತೆ ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ರಾಳದ್ದು ಸುಮಾರು 1.5. ಗೀರಿನಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಗೀರಿನ ಗೋಡೆಯಿಂದ ಮರಳುವ ಬೆಳಕು ನೂರಕ್ಕೆ 4ರಿಂದ 0.4ಕ್ಕೂ ಕಡಿಮೆಯಾಗುತ್ತದೆ. ಗೀರು ಅಲ್ಲೇ ಇರುತ್ತದೆ, ಕಾಣದು. ನೀರು ಆರಿದೊಡನೆ ಮತ್ತೆ ಕಾಣುತ್ತದೆ. ಮಸುಕು ಗಾಜಿನ ಒರಟು ಮೈಗೆ ಅಂಟುಪಟ್ಟಿ ಹಚ್ಚಿದರೆ ಅದು ತಿಳಿಯಾಗುವುದೂ ಇದೇ ಕಾರಣದಿಂದ. ಮೇಣವೂ ಎಣ್ಣೆಯೂ ಇದೇ ರೀತಿ ಗೀರನ್ನು ತುಂಬಿ ಮುಚ್ಚುತ್ತವೆ. ಹಲವು ತೊಳೆತಗಳಾದ ಮೇಲೆ ಗೀರು ಮರಳಿ ತಲೆದೋರುತ್ತದೆ. ಅರ್ಧ ಗಂಟೆಯಲ್ಲಿ ಗೀರು ಮಾಯವಾಯಿತೆಂದು ಯಾರಾದರೂ ಹೇಳಿದರೆ, ಅದು ಮುಚ್ಚಿಹೋಯಿತೋ ತೊಲಗಿಹೋಯಿತೋ ಎಂದು ಕೇಳುವುದು ಒಳ್ಳೆಯದು.

ಗೀರನ್ನು ನಿಜವಾಗಿ ತೊಲಗಿಸಲು ಒಂದೇ ದಾರಿ: ಅದರ ಸುತ್ತಲಿನ ಮೈಯನ್ನು ಗೀರಿನ ತಳದ ಮಟ್ಟಕ್ಕೆ ಸವೆಸುವುದು. ಇದಕ್ಕಾಗಿ ಬಳಸುವ ಉಜ್ಜುವ ಲೇಪಗಳಲ್ಲಿ ಹೆಚ್ಚಾಗಿ ಇರುವುದು ಅಲ್ಯೂಮಿನಿಯಂ ಆಕ್ಸೈಡಿನ ಪುಡಿ. ಅದರ ಗಡಸುತನ 9. ಧೂಳಿಗಿಂತಲೂ ಗಡಸಾದುದು ಗೀರುವುದಿಲ್ಲವೆ? ಗೀರುತ್ತದೆ. ಮೊದಲು ಸ್ವಲ್ಪ ದೊಡ್ಡ ಕಣ, ಅನಂತರ ಹೆಚ್ಚು ನಯವಾದ ಕಣ, ಹೀಗೆ ಸಾಗಿದಂತೆ ಗೀರುಗಳೂ ಕಿರಿದಾಗಿ, ಕೊನೆಗೆ ಬೆಳಕಿನ ಅಲೆಯುದ್ದಕ್ಕಿಂತ ಚಿಕ್ಕವಾಗುತ್ತವೆ. ಗಾಜಿಗೆ ಮೆರುಗು ಕೊಡುವುದೆಂದರೆ ಗೀರುಗಳನ್ನು ಕಾಣದಷ್ಟು ಕಿರಿದುಗೊಳಿಸುವುದೇ ಎಂದು ನ್ಯೂಟನ್ 1704ರ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ವಿವರಿಸಿದ್ದನು.

ಈ ಕೆಲಸಕ್ಕೆ ಬೆಲೆ ತೆರಬೇಕು. ಒಮ್ಮೆ ಬಲವಾಗಿ ಉಜ್ಜಿದರೆ ಕೆಲವು ಮೈಕ್ರಾನು ಪದರ ಸವೆಯುತ್ತದೆ. ಅದು ಚರ್ಮದಂತೆ ಮತ್ತೆ ಬೆಳೆಯದು. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಆದುದರಿಂದ ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಮೆಲ್ಲನೆ ಎಳೆದು ನೋಡಬೇಕು. ಉಗುರು ತಡೆಯದಿದ್ದರೆ ಉಜ್ಜಬಹುದು. ಸಿಕ್ಕಿಕೊಂಡರೆ ಗೀರು ಆಳವಾಗಿದೆಯೆಂದು ತಿಳಿದು, ಬಣ್ಣ ಹಚ್ಚುವವರ ಬಳಿಗೆ ಹೋಗುವುದೇ ಲೇಸು.

ಇನ್ನೊಂದು ಸ್ವಾರಸ್ಯವಿದೆ. ಅಕ್ಕಸಾಲಿಗರು ಚಿನ್ನಕ್ಕೆ ಕೊನೆಯ ಮೆರುಗು ಕೊಡಲು ರೂಜ್ ಎಂಬ ಕೆಂಪು ಪುಡಿಯನ್ನು ಬಳಸುವುದುಂಟು. ದೂರದರ್ಶಕಗಳ ಕನ್ನಡಿಗಳನ್ನು ಹಿಂದೆ ಬಹುಕಾಲ ಇದರಿಂದಲೇ ತಿದ್ದುತ್ತಿದ್ದರು. ಈ ರೂಜ್ ಬೇರೇನೂ ಅಲ್ಲ: ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು ಸೇರಿದ ಆಕ್ಸೈಡು, ಸಂಡೂರಿನ ಹೆಮಟೈಟೂ ಅದೇ! ಒಂದರ ಕಣಗಳು ಸಮನಾಗಿ ನಯವಾಗಿವೆ. ಇನ್ನೊಂದರಲ್ಲಿ ದೊಡ್ಡದು ಚಿಕ್ಕದು ಕಲೆತು, ಮರಳೂ ಬೆರೆತಿದೆ. ಇಷ್ಟೇ ವ್ಯತ್ಯಾಸದಿಂದ ಒಂದು ಹೊಳಪನ್ನು ಕೊಡುತ್ತದೆ, ಇನ್ನೊಂದು ಕಳೆಯುತ್ತದೆ. ಒಂದು ವಸ್ತುವಿನ ಗುಣವನ್ನು ಕೇಳುವಾಗ ಅದು ಯಾವುದರಿಂದ ಆದುದೆಂದು ತಿಳಿದರೆ ಸಾಲದು, ಅದರ ಕಣದ ಗಾತ್ರವೆಷ್ಟೆಂಬುದನ್ನೂ ಕೇಳಬೇಕೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಅರಿಯಬಹುದು.